ಯಾಕಿನಿಕುವೋ, ಶಾಬು-ಶಾಬುವೋ?

ತುಮಕೂರಿನಿಂದ ನನ್ನ ತಮ್ಮ ಟೋಕಿಯೋಗೆ ಬಂದಿದ್ದಾಗ ಹತ್ತು ದಿನದಲ್ಲಿ ಮೂರು ಬಗೆಯ ತಾಬೆಹೋದಾಯಿ ಊಟ ಮಾಡಿದೆವು. ಒಂದು ಸಲ ದುಡ್ಡು ಕೊಟ್ಟರೆ ಸಾಕೆನ್ನುವವರೆಗೂ ತಿನ್ನಬಹುದು, ಅದೇ ತಾಬೆಹೋದಾಯಿ. ಆದರೆ ಹೊತ್ತಿಗೆ ಮಿತಿಯಿದೆ. ಬಹಳ ಕಡೆ 90ರಿಂದ 120 ನಿಮಿಷ, ಅದು ಮುಗಿಯುವುದಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಮೊದಲೇ ಕೊನೆಯ ಆರ್ಡರ್. ತಟ್ಟೆಯಲ್ಲಿ ತುಂಬ ಉಳಿಸಿದರೆ ಹೆಚ್ಚಿಗೆ ದುಡ್ಡು ಕೇಳುವ ಜಾಗಗಳೂ ಇವೆ. ಹಾಗಾಗಿ ನಾನು ಬೆಲೆಗಿಂತ ಮೊದಲು ನೋಡುವುದು, ಆ ಹೊತ್ತು ಯಾವುದಕ್ಕೆ ಖರ್ಚಾಗುತ್ತದೆ ಎಂಬುದನ್ನು.

ದೊಡ್ಡ ಹೋಟೆಲಿನ ಬಫೆಗೆ ಇಲ್ಲಿ 'ಬೈಕಿಂಗು' ಅನ್ನುತ್ತಾರೆ, ವೈಕಿಂಗ್ ಎಂಬುದರ ಜಪಾನಿ ಉಚ್ಚಾರ. 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲ್ ಉತ್ತರ ಯುರೋಪಿನ ಪದ್ಧತಿ ನೋಡಿ ಶುರು ಮಾಡಿದ್ದು. ನಾವು ಹೋದ ಕಡೆ ಎಲ್ಲವೂ ಚೆನ್ನಾಗಿತ್ತು, ಆದರೆ ಇಂಥ ಊಟ ಬೆಂಗಳೂರಿನಲ್ಲೂ ಸಿಗುತ್ತದೆ.

ಯಾಕಿನಿಕುಗೆ, ಅಂದರೆ ಮೇಜಿನಲ್ಲೇ ಮಾಂಸ ಸುಟ್ಟು ತಿನ್ನುವ ಊಟಕ್ಕೆ, ನಾನು, ತಮ್ಮ, ಇಬ್ಬರು ಗೆಳೆಯರು ಹೋದೆವು. ಮೇಜಿನ ನಡುವೆ ಒಲೆ, ಮೇಲೆ ಜಾಲರಿ, ಆರ್ಡರ್ ಟ್ಯಾಬ್ಲೆಟ್ಟಿನಲ್ಲಿ. ಉಪ್ಪು ಸವರಿದ ದನದ ನಾಲಿಗೆಯ ತೆಳು ಹೋಳನ್ನು ಸುಟ್ಟು ನಿಂಬೆರಸದಲ್ಲಿ ಅದ್ದಿ ತಿಂದರೆ, ಆ ರುಚಿ ಬೇರೆ ಯಾವುದಕ್ಕೂ ಇಲ್ಲ. ಕಷ್ಟ ಶುರುವಾದದ್ದು ಕಾರುಬಿಯಿಂದ, ಅಂದರೆ ಪಕ್ಕೆಯ ಕೊಬ್ಬಿನ ಮಾಂಸದಿಂದ. ಕೊಬ್ಬು ಕರಗಿ ತೊಟ್ಟಿಕ್ಕಿದಾಗೆಲ್ಲ ಉರಿ ಭಗ್ಗನೆ ಏಳುತ್ತಿತ್ತು. ಸಿಹಿ ಸಾಸ್ ಜಾಲರಿಗೆ ಕಚ್ಚಿ ಕರಕಲಾಯಿತು. ಶನಿವಾರ ರಾತ್ರಿಯ ಗದ್ದಲದಲ್ಲಿ ಜಾಲರಿ ಬದಲಿಸಿಕೊಳ್ಳಲು ಎರಡು ಸಲ ಕಾದೆವು. ಒಂದು ಸಲಕ್ಕೆ ಸುಡಬಹುದಾದದ್ದು ಎಂಟು-ಹತ್ತು ಹೋಳು ಮಾತ್ರ, ನಾಲ್ವರಿಗೆ. ಹಸಿವು ತಾಳದೆ ಅನ್ನ ತರಿಸಿದೆವು, ಹೊಟ್ಟೆ ತುಂಬಿದ್ದು ಅದರಲ್ಲೇ.

ಶಾಬು-ಶಾಬುವಿನಲ್ಲಿ ಈ ಕಾಯುವಿಕೆ ಇಲ್ಲ. ಕುದಿಯುವ ಸಾರಿನಲ್ಲಿ ಕಾಗದದಷ್ಟು ತೆಳುವಾದ ಹಂದಿಮಾಂಸದ ಹೋಳನ್ನು ಚಾಪ್‌ಸ್ಟಿಕ್ಕಿನಲ್ಲಿ ಹಿಡಿದು, ಬಟ್ಟೆ ಜಾಲಾಡಿದ ಹಾಗೆ ಆಡಿಸಬೇಕು. ಗುಲಾಬಿ ಬಣ್ಣ ಬೆಳ್ಳಗಾಗುವುದನ್ನು ನೋಡುತ್ತಿರಬೇಕು, ಪೂರ್ತಿ ಬೆಳ್ಳಗಾದರೆ ಬೆಂದಿತು. ಆ ಜಾಲಾಡುವ ಸದ್ದೇ ಶಾಬು-ಶಾಬು. 1952ರಲ್ಲಿ ಒಸಾಕಾದ ಸುಯೆಹಿರೊ ಎಂಬ ರೆಸ್ಟೋರೆಂಟ್ ಇಟ್ಟ ಹೆಸರು. ಎಳ್ಳಿನ ಸಾಸಿನಲ್ಲಿ ಅದ್ದಿಕೊಂಡರೆ ನಮ್ಮ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ಎಲೆಕೋಸು, ಅಣಬೆ, ತೋಫು ಎಷ್ಟು ಬೇಕಾದರೂ ತಂದು ಹಾಕಿಕೊಳ್ಳಬಹುದು.

ಇದಕ್ಕೆ ಹೆಂಡತಿಯೂ ಬಂದಳು. ಅವಳು ಮಾಂಸ ತಿನ್ನುವುದಿಲ್ಲ. ಎರಡು ಭಾಗ ಮಾಡಿದ ಪಾತ್ರೆ ಕೇಳಿ, ಒಂದರಲ್ಲಿ ಕೊಂಬು ಎಂಬ ಕಡಲಸಸ್ಯದ ಸಾರು ಹಾಕಿಸಿಕೊಂಡೆವು. ಸಸ್ಯಾಹಾರಿಗಳು ಒಂದು ವಿಷಯ ಕೇಳಿ ತಿಳಿದುಕೊಳ್ಳಲೇಬೇಕು: ಪೊನ್ಜು ಎಂಬ ಹುಳಿ ಸಾಸಿನಲ್ಲಿ ಬಹಳ ಸಲ ಒಣಮೀನಿನ ಸಾರ ಇರುತ್ತದೆ, ಎಳ್ಳಿನ ಸಾಸಿನಲ್ಲೂ ಇರಬಹುದು. ನಾವು ಕೇಳಿದ್ದಕ್ಕೆ ಇದೆ ಅಂದರು. ಅವಳು ಬರೀ ಸೋಯಾ ಸಾಸಿನಲ್ಲಿ ತಿಂದಳು. ತರಕಾರಿಯಷ್ಟೇ ತಿಂದರೂ ದುಡ್ಡು ನಮ್ಮಷ್ಟೇ ಕೊಟ್ಟದ್ದು ನನಗೆ ಸರಿಬರಲಿಲ್ಲ.

ಆದರೂ ಮತ್ತೆ ಹೋಗುವುದಾದರೆ ನಾನು ಶಾಬು-ಶಾಬುವಿಗೇ ಹೋಗುತ್ತೇನೆ, ಅದೂ ಬೆಲೆ ಕಡಿಮೆಯಿರುವ ವಾರದ ದಿನದ ಮಧ್ಯಾಹ್ನ. ಕೊನೆಯಲ್ಲಿ, ಮಾಂಸ ತರಕಾರಿಗಳ ಸತ್ವವೆಲ್ಲ ಇಳಿದ ಸಾರಿಗೆ ಉದೊನ್ ಎಂಬ ದಪ್ಪ ಗೋಧಿ ನೂಡಲ್ಸ್ ಹಾಕಿ ಬೇಯಿಸುತ್ತಾರೆ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ. ತಮ್ಮ ಉದೊನ್ ಮುಗಿಸಿ ಬಟ್ಟಲನ್ನೇ ಎತ್ತಿ ಕುಡಿದ, "ಅಣ್ಣ, ಇನ್ನೊಂಚೂರು ಸಾರು ಹಾಕು" ಅಂದ.