‘ಕೆಮಿಕಲ್ ಇಲ್ರಿ ಅಕ್ಕಾರ’ ಅಂದರೆ ಮೊದಲು ಲೇಬಲ್ ಕೆರೆದು ನೋಡಿ

ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಪೂರ್ತಿ ಓದಿ. ದೀಪಾವಳಿ, ಗೃಹಪ್ರವೇಶ ಅಂತ ಸೆಂಟಿನ ಮೇಣದಬತ್ತಿ ಗಿಫ್ಟ್ ಕೊಡುವವರು ಎರಡು ಸಲ ಓದಿ. ಹೇಳಿಕೊಳ್ಳಲು ನನಗೇ ನಾಚಿಕೆ. ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನೀರೂ ಒಂದು ಕೆಮಿಕಲ್ಲೇ, ಕೆಮಿಕಲ್ ಇಲ್ಲದ ವಸ್ತು ಜಗತ್ತಿನಲ್ಲಿ ಇಲ್ಲ ಅಂತ ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಹೇಳುವವಳು. ಅಂಥವಳು ‘ಕೆಮಿಕಲ್ ಫ್ರೀ’ ಅನ್ನುವ ಎರಡು ಪದ ಓದಿ ₹1,999 ಕೊಟ್ಟು ಬಂದೆ.

ದೀಪಾವಳಿಗೆ ಹತ್ತು ದಿನ ಇತ್ತು. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಪ್ರದರ್ಶನ-ಮಾರಾಟ. ಸೀರೆ, ಬಳೆ, ಶಾವಿಗೆ, ಶಂಡಿಗೆ ಎಲ್ಲ ದಾಟಿ ಕೊನೆಗೆ ಈ ಮೇಣದಬತ್ತಿ ಅಂಗಡಿ. ಚೆಂದದ ಗಾಜಿನ ಭರಣಿ, ಮೇಲೆ ಬಂಗಾರದ ಬಣ್ಣದ ಮುಚ್ಚಳ. ಮಲ್ಲಿಗೆ, ಗಂಧ, ಕಿತ್ತಳೆ. ಒಂದಕ್ಕೆ ₹450, ಐದು ತಗೊಂಡರೆ ₹1,999, ಜೊತೆಗೆ ಕಡ್ಡಿ ಹಾಕಿಡುವ ಸೆಂಟಿನ ಬಾಟಲಿ ಫ್ರೀ.

‘ಒಮ್ಮೆ ಮೂಸಿ ನೋಡ್ರಿ ಅಕ್ಕಾರ. ಪ್ಯೂರ್ ಸೋಯಾ ಎಣ್ಣಿ ಮೇಣ ಐತ್ರಿ. ಕೆಮಿಕಲ್ ಅನ್ನೂದ ಇಲ್ಲ. ಸಣ್ಣ ಹುಡ್ರು, ವಯಸ್ಸಾದವ್ರು ಇರೂ ಮನ್ಯಾಗ ಬಿಂದಾಸ್ ಹಚ್ಚರಿ.’

ಮೂಸಿದೆ. ಕೊಂಡೆ. ಬಿಲ್ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡ್ ಕೊಟ್ಟರು. ಆಗಲೇ ಎಚ್ಚರ ಆಗಬೇಕಿತ್ತು, ಅಲ್ವಾ?

ಮೂರು ಭರಣಿ ಶಾಲೆಯ ಗೆಳತಿಯರಿಗೆ ಕೊಟ್ಟೆ. ಎರಡು ಮನೆಯಲ್ಲಿಟ್ಟುಕೊಂಡೆ. ನಮ್ಮ ಅತ್ತೆಯವರಿಗೆ ದಮ್ಮು ಇದೆ. ಅವರು ಸಂಜೆ ಲೋಬಾನ ಹಾಕಿದರೆ ‘ಹೊಗೆ ಆಗ್ತದ, ಬ್ಯಾಡ್ರಿ’ ಅಂತ ತಡೆಯುತ್ತಿದ್ದವಳೂ ನಾನೇ. ಈಗ ಕಿಟಕಿ ಹಾಕಿ, ಎಸಿ ಹಚ್ಚಿ, ಹಾಲ್‌ನಲ್ಲಿ ದಿನಾ ಎರಡು ಮೂರು ತಾಸು ಇದನ್ನು ಉರಿಸಿದೆ. ಎರಡನೇ ದಿನವೇ ಅತ್ತೆ, ‘ಏ, ಆ ಚಿಮಣಿ ಆರಸವಾ, ಗಂಟ್ಲ ಹಿಡ್ಯಾಕತ್ತೈತಿ’ ಅಂದರು. ಚಿಮಣಿ ಅಂತೆ, ಸೀಮೆಎಣ್ಣೆ ಬುಡ್ಡಿ! ನನಗೆ ನಗು. ‘ಇದು ಸೋಯಾ ಐತ್ರಿ, ಚಿಮಣಿ ಅಲ್ಲ’ ಅಂದೆ. ನಾಲ್ಕನೇ ದಿನ ರಾತ್ರಿ ಅವರಿಗೆ ಇನ್ಹೇಲರ್ ಎರಡು ಸಲ ಬೇಕಾಯಿತು. ದಮ್ಮು ಇದ್ದವರಿಗೆ ಹೊಗೆಯೂ ಆಗುವುದಿಲ್ಲ, ಗಾಢ ಸೆಂಟೂ ಆಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ‘ಕೆಮಿಕಲ್ ಇಲ್ಲ’ ಅಂದಿದ್ದರಲ್ಲ, ಅದಕ್ಕೇ ಸುಮ್ನಿದ್ದೆ.

ಟಿವಿ ಹಿಂದಿನ ಗೋಡೆ ಒರೆಸಿದಾಗ ಬಟ್ಟೆ ಕರ್ರಗಾಯಿತು. ಎರಡನೇ ಭರಣಿ ಹಚ್ಚಿ, ಸ್ಟೀಲ್ ಚಮಚೆಯನ್ನು ಉರಿಯ ತುದಿಗೆ ಹಿಡಿದೆ. ಕಾಡಿಗೆ ಮಾಡಬಹುದು, ಅಷ್ಟು ಮಸಿ.

ಆದರೂ ಬತ್ತಿ ಉದ್ದ ಆಗಿರಬೇಕು ಅಂದುಕೊಂಡೆ. ಬತ್ತಿ 6 ಮಿಲಿಮೀಟರ್‌ಗಿಂತ ಉದ್ದ ಇದ್ದರೆ ಸೋಯಾ ಕೂಡ ಮಸಿ ಬಿಡುತ್ತದೆ, ಸುಳ್ಳಲ್ಲ. ಕತ್ತರಿಸಿದೆ. ಮಸಿ ಕಡಿಮೆ ಆಯಿತು, ಹೋಗಲಿಲ್ಲ.

ಮುಂದೆ ಆದದ್ದು ಕೇಳಿ. ಖಾಲಿಯಾದ ಮೊದಲ ಭರಣಿ ಚೆಂದ ಇದೆ, ಜೀರಿಗೆ ಹಾಕಿಡೋಣ ಅಂತ ಬಿಸಿನೀರಿನಲ್ಲಿ ನೆನೆಸಿದೆ. ಲೇಬಲ್ ಮೂಲೆ ಎದ್ದಿತು. ಉಗುರಿನಿಂದ ಎಳೆದೆ. ಕೆಳಗೆ ಇನ್ನೊಂದು ಲೇಬಲ್! ಬೇರೆ ಹೆಸರು, ಸಣ್ಣ ಅಕ್ಷರ: ‘ಪ್ಯಾರಾಫಿನ್ ವ್ಯಾಕ್ಸ್, ಪರ್ಫ್ಯೂಮ್, ಕಲರ್. ಎಂಆರ್‌ಪಿ ₹120.’ ಸಿಂಕಿನ ಮುಂದೆ ಒದ್ದೆ ಕೈಯಲ್ಲಿ ಅದನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ. ₹120!

ಪ್ಯಾರಾಫಿನ್ ಮೇಣ ಕಚ್ಚಾ ಎಣ್ಣೆಯಿಂದ ಬರುತ್ತದೆ. ಚಿಮಣಿ ಎಣ್ಣೆಯೂ ಅದರಿಂದಲೇ. ಅತ್ತೆಗೆ ಮೂಗಿನಲ್ಲೇ ಗೊತ್ತಾಗಿತ್ತು, ನನಗೆ ಬಿಎಸ್ಸಿ ಮಾಡಿಯೂ ಗೊತ್ತಾಗಲಿಲ್ಲ.

ಫೋಟೋ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಉತ್ತರ ನೋಡಿ: ‘ಅದು ಹಳೇ ಭರಣಿರಿ ಅಕ್ಕಾರ, ರೀಯೂಸ್ ಮಾಡೀವಿ. ಇಕೋ ಫ್ರೆಂಡ್ಲಿ.’ ಎರಡನೇ ಭರಣಿಯ ಲೇಬಲ್ಲೂ ಕಿತ್ತೆ. ಅದರ ಕೆಳಗೂ ಅದೇ ₹120. ಅದನ್ನೂ ಕಳಿಸಿದೆ. ಆಗ ವಾಯ್ಸ್ ಮೆಸೇಜ್ ಬಂತು. ನಗುತ್ತಾ ಮಾತಾಡಿದ್ದಾನೆ: ‘ಮೇಡಂ, ಕೆಮಿಕಲ್ ಇಲ್ದ ಇಷ್ಟ ವಾಸನಿ ಹೆಂಗ ಬರ್ತೈತ್ರಿ? ನೀವ ಸೈನ್ಸ್ ಟೀಚರ್ ಅಂದಿದ್ರಿ. ನಿಮಗ ಗೊತ್ತಿಲ್ಲೇನ್ರಿ?’

ಅವತ್ತು ಅಂಗಡಿಯಲ್ಲಿ ಜಂಬಕ್ಕೆ ನಾನೇ ಹೇಳಿಕೊಂಡಿದ್ದೆ, ಸೈನ್ಸ್ ಟೀಚರ್ ಅಂತ. ಆ ಮೆಸೇಜ್ ಇವತ್ತಿಗೂ ಅಳಿಸಿಲ್ಲ. ಕೇಳಿದಾಗೆಲ್ಲ ಮೈ ಉರಿಯುತ್ತದೆ. ಅವನು ಹೇಳಿದ್ದು ನಿಜ ಅನ್ನುವುದಕ್ಕೇ ಜಾಸ್ತಿ ಉರಿಯುತ್ತದೆ. ಒಂದು ಕಿಲೋ ಮಲ್ಲಿಗೆ ಎಣ್ಣೆ ತೆಗೆಯಲು ನೂರಾರು ಕಿಲೋ ಹೂವು ಬೇಕು. ದುರ್ಗದಬೈಲು ಮಾರ್ಕೆಟ್ಟಿನಲ್ಲಿ ಒಂದು ಮೊಳ ಹೂವಿಗೆ ಚೌಕಾಸಿ ಮಾಡುವವಳು ಆ ಲೆಕ್ಕ ಹಾಕಬೇಡವೇ? ಅಗ್ಗದ ಮಲ್ಲಿಗೆ ಸೆಂಟು ಫ್ಯಾಕ್ಟರಿಯಲ್ಲಿ ಮಾಡಿದ ಬೆಂಜೈಲ್ ಅಸಿಟೇಟಿನಂಥವುಗಳಿಂದ ಬರುತ್ತದೆ. ಸೆಂಟನ್ನು ತೆಳ್ಳಗೆ ಮಾಡಲು ಡೈಈಥೈಲ್ ಥ್ಯಾಲೇಟ್ ಬಳಸುವುದುಂಟು, ಅಗರಬತ್ತಿ ಕೆಲಸದವರು ಡಿಇಪಿ ಅನ್ನುತ್ತಾರೆ. ಆ ಫ್ರೀ ಬಾಟಲಿಯ ಮೇಲೆ ಇದ್ದದ್ದು ‘ಪರ್ಫ್ಯೂಮ್’ ಅನ್ನುವ ಒಂದೇ ಪದ. ಅದರೊಳಗೆ ಹತ್ತಾರು ವಸ್ತು ಕೂರುತ್ತವೆ. ಕಿತ್ತಳೆ ವಾಸನೆಯ ಲಿಮೊನಿನ್ ಇದೆಯಲ್ಲ, ಅದು ಗಾಳಿಯ ಓಝೋನ್ ಜೊತೆ ಸೇರಿ ಸ್ವಲ್ಪ ಫಾರ್ಮಾಲ್ಡಿಹೈಡ್ ಆಗುತ್ತದೆ. ನಮ್ಮ ಲ್ಯಾಬಿನಲ್ಲಿ ಕಪ್ಪೆ ಮುಳುಗಿಸಿಟ್ಟ ಫಾರ್ಮಲಿನ್‌ನಲ್ಲಿ ಇರುವುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತು ಅಂತ 2004ರಲ್ಲೇ ಹೇಳಿದೆ. ಒಂದು ಬತ್ತಿಯಿಂದ ಬರುವುದು ಅಲ್ಪ, ಹೆದರಿಸುತ್ತಿಲ್ಲ. ಆದರೆ ಕಿಟಕಿ ಹಾಕಿಕೊಂಡು ದಿನಾ ಉರಿಸಿದವಳು ನಾನು.

ಬತ್ತಿಯೊಳಗೆ ಲೋಹದ ತಂತಿ ಕಂಡು ಇನ್ನೂ ಹೆದರಿದೆ. ಸೀಸದ (ಲೆಡ್) ತಂತಿ ಇರುವ ಬತ್ತಿಯನ್ನು ಅಮೆರಿಕದಲ್ಲಿ 2003ರಲ್ಲೇ ನಿಷೇಧಿಸಿದ್ದಾರೆ. ಸುಡದ ಬತ್ತಿಯ ತುದಿಯನ್ನು ಬಿಳಿ ಕಾಗದಕ್ಕೆ ಉಜ್ಜಿದರೆ, ಸೀಸ ಇದ್ದಲ್ಲಿ ಪೆನ್ಸಿಲ್‌ನಂಥ ಗೆರೆ ಬೀಳುತ್ತದೆ. ಉಜ್ಜಿದೆ, ಬೀಳಲಿಲ್ಲ. ಅಷ್ಟಾದರೂ ಪುಣ್ಯ.

ದುಡ್ಡು ವಾಪಸ್ ಕೇಳಿದ್ದಕ್ಕೆ ಕೊನೆಯ ಉತ್ತರ: ‘ನಿಮ್ಮ ಅತ್ತಿಯವರಿಗೆ ದಮ್ಮು ಮೊದ್ಲ ಇತ್ತಲ್ರಿ.’ ಆಮೇಲೆ ಬ್ಲಾಕ್. ಬಿಲ್ ಇಲ್ಲದೆ ಯಾರ ಮುಂದೆ ಹೋಗಲಿ?

ಗೆಳತಿಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ‘ಹಚ್ಚಬೇಡ್ರಿ’ ಅಂತ ಹೇಳಬೇಕಾಯಿತು. ಒಬ್ಬರಂತೂ ‘ಅಯ್ಯ, ಅದನ್ನ ನಮ್ಮ ನಾದಿನಿ ಗೃಹಪ್ರವೇಶಕ್ಕ ಕೊಟ್ಟಬಿಟ್ಟೆನ್ರಿ’ ಅಂದರು.

ತಗೊಳ್ಳುವುದೇ ಆದರೆ ಲೇಬಲ್ ಮೂಲೆ ಅಂಗಡಿಯಲ್ಲೇ ಕೆರೆಯಿರಿ, ಅವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಬಿಲ್ ಕೊಡದಿದ್ದರೆ ಬಿಟ್ಟು ಬನ್ನಿ. ಕಿಟಕಿ ತೆಗೆದಿಡಿ. ಮನೆಯಲ್ಲಿ ದಮ್ಮು ಇದ್ದವರು, ಕೂಸು ಇದ್ದರೆ ತರಲೇಬೇಡಿ.

ಉಳಿದ ಅರ್ಧ ಭರಣಿ ಕಸಕ್ಕೆ ಹಾಕಲು ಹೋದೆ. ಅತ್ತೆ ಕೈ ಹಿಡಿದರು. ‘ಹಿತ್ತಲದಾಗ ಇಡು. ಕರೆಂಟ್ ಹೋದಾಗ ಚಿಮಣಿ ಬೇಕಾಗ್ತೈತಿ.’