ಹೂರಣ ಹೊತ್ತಿಸಿದ ಟೈಮರ್: ಕೊಳ್ಳುವ ಮುಂಚೆ ಒಮ್ಮೆ ಓದಿ

ಈ ಸಲ ಹೋಳಿ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಬಾಗಲಕೋಟೆಯವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು. ಓಣಿ ತುಂಬ ಹಲಗೆ ಬಡಿತ, ಕಾಮಣ್ಣನಿಗೆ ಎಡೆ ಹೋಗಬೇಕು, ಮಧ್ಯಾಹ್ನಕ್ಕೆ ನೆಂಟರು ಬರುವವರಿದ್ದರು. ಅಂಥ ಹೊತ್ತಿನಲ್ಲಿ ಒಂದು ಕಿಲೋ ಕಡಲೆಬೇಳೆ ಬೋಗಾಣಿಯ ತಳ ಹಿಡಿದು ಕರ್ರಗೆ ಕೂತಿತ್ತು. ಕಾರಣ, 229 ರೂಪಾಯಿಯ ಒಂದು ಡಿಜಿಟಲ್ ಟೈಮರ್. ಆನ್‌ಲೈನ್‌ನಲ್ಲಿ ತರಿಸಿದವಳು ನಾನೇ, ಹಾಗಾಗಿ ಬೈಗುಳವೂ ನನಗೇ.

ಟೈಮರ್ ಯಾಕೆ ಬೇಕಾಯಿತು ಅಂದರೆ, ನಮ್ಮ ಅತ್ತೆಗೆ ಈಗ 68. ಅಡುಗೆ ಇವತ್ತಿಗೂ ಅವರದೇ. ನಾನು ಬೆಳಿಗ್ಗೆ ಶಾಲೆಗೆ ಓಡುವವಳು. ಇತ್ತೀಚೆಗೆ ಕುಕ್ಕರ್ ಸೀಟಿ ಎಣಿಸುವುದು ಅವರಿಗೆ ತಪ್ಪುತ್ತಿತ್ತು. ಮೂರಾಯಿತೋ ನಾಲ್ಕಾಯಿತೋ ಅಂತ ನನ್ನನ್ನೇ ಕೇಳುತ್ತಿದ್ದರು. ಮೊದಲು ಫೋನಿನಲ್ಲೇ ಅಲಾರಂ ಇಟ್ಟುಕೊಡುತ್ತಿದ್ದೆ. ಆದರೆ ಫೋನ್ ಅಡುಗೆಮನೆಯಲ್ಲಿ ಎಲ್ಲಿ ನಿಲ್ಲುತ್ತದೆ? ಮಗ ಆಟಕ್ಕೆ ಎತ್ತಿಕೊಂಡು ಹೋಗುತ್ತಾನೆ, ಇಲ್ಲವೇ ಹಿಟ್ಟಿನ ಕೈಯಲ್ಲಿ ಅದನ್ನು ಮುಟ್ಟೋಕೆ ಆಗಲ್ಲ. ಒಂದು ಬೇರೆ ಟೈಮರ್ ಇದ್ದರೆ ಚೆನ್ನ ಅನಿಸಿತು.

ಚಿತ್ರದಲ್ಲಿ ಅದು ಫ್ರಿಜ್ ಬಾಗಿಲಿಗೆ ಅಂಟಿಕೊಂಡು ಮುದ್ದಾಗಿ ಕಾಣುತ್ತಿತ್ತು. ದೊಡ್ಡ ಅಂಕಿ, ಹಿಂದೆ ಮ್ಯಾಗ್ನೆಟ್, "ಜೋರು ಅಲಾರಂ". ಬಂದಾಗ ನೋಡಿದರೆ ನಮ್ಮ ಫ್ರಿಜ್ಜಿಗೆ ಅಂಟಲೇ ಇಲ್ಲ. ನಮ್ಮದು ಗಾಜಿನ ಮುಖದ ಫ್ರಿಜ್, ಗಾಜಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಅನ್ನೋದು ಆರ್ಡರ್ ಮಾಡುವಾಗ ತಲೆಗೆ ಬರಲಿಲ್ಲ. ಕೆಲವು ಸ್ಟೀಲ್ ಫ್ರಿಜ್ಜುಗಳಿಗೂ ಹಿಡಿಯುವುದಿಲ್ಲವಂತೆ. ಕಡೆಗೆ ಕಿಟಕಿಯ ಕಬ್ಬಿಣದ ಸಳಿಗೆ ಅಂಟಿಸಿದೆವು. ಕಿಟಕಿ ಒಲೆಯ ಪಕ್ಕದಲ್ಲೇ ಇದೆ. ನಾಲ್ಕೇ ದಿನಕ್ಕೆ ಒಲೆಯ ಕಾವಿಗೆ ಗೋಂದು ಬಿಟ್ಟು, ಮ್ಯಾಗ್ನೆಟ್ ಸಳಿಯಲ್ಲೇ ಉಳಿದು, ಟೈಮರ್ ಮಾತ್ರ ಜೋಳದ ಹಿಟ್ಟಿನ ಪರಾತದೊಳಗೆ ಬಿತ್ತು. ಅವತ್ತೇ ಬುದ್ಧಿ ಬರಬೇಕಿತ್ತು. ನಾವು ನಕ್ಕು, ಒರೆಸಿ, ಡಬ್ಬಿಗೆ ಒರಗಿಸಿ ಇಟ್ಟೆವು.

ಈಗ ಹುಣ್ಣಿಮೆಯ ದಿನಕ್ಕೆ ಬರುತ್ತೇನೆ.

ಹೂರಣದ ಬೇಳೆಯನ್ನು ಅತ್ತೆ ಕುಕ್ಕರಿಗೆ ಹಾಕುವುದಿಲ್ಲ. ಕುಕ್ಕರಿನಲ್ಲಿ ಬೇಳೆ ಕರಗಿಬಿಡುತ್ತದೆ, ಸಾರಿಗೆ ತಿಳಿ ಕಟ್ಟು ಸಿಗುವುದಿಲ್ಲ ಅನ್ನುವುದು ಅವರ ವಾದ. ಸರಿಯಾದ ವಾದವೇ. ಒಂದು ತಾಸು ನೆನೆಸಿದ ಬೇಳೆಯನ್ನು ಬೋಗಾಣಿಯಲ್ಲಿ ಇಟ್ಟು, ಕುದಿ ಬಂದ ಮೇಲೆ ಟೈಮರ್‌ನಲ್ಲಿ 25 ನಿಮಿಷ ಒತ್ತಿದರು. ನಾನು ಮಾಳಿಗೆಗೆ ಹೋದೆ, ಬಣ್ಣದವರು ಬರುವ ಮುಂಚೆ ಬಟ್ಟೆ ತೆಗೆಯಬೇಕಿತ್ತು. ಮಗ ಅಲ್ಲೇ ಬೆಳಕಿಂಡಿಯ ಹತ್ತಿರ ನಿಂತು ಓಣಿಯಲ್ಲಿ ಹಲಗೆ ಬಾರಿಸುವುದನ್ನು ನೋಡುತ್ತಿದ್ದ. ಕೆಳಗೆ ಅತ್ತೆ ಕಣಕ ನಾದಿ ಮುಗಿಸಿ, ಕಟ್ಟಿನ ಸಾರಿನ ಮಸಾಲೆಗೆ ಮಿಕ್ಸಿ ಹಚ್ಚಿದ್ದರು.

ಸಾಮಾನ್ಯವಾಗಿ ಅತ್ತೆಗೆ ಗಡಿಯಾರವೇ ಬೇಡ. ಬೇಳೆ ಬೆಂದ ವಾಸನೆ ಬಂದರೆ ಸಾಕು, ಹಿತ್ತಲಲ್ಲಿದ್ದರೂ ಎದ್ದು ಬರುತ್ತಾರೆ. ಅವತ್ತು ಟೈಮರ್ ಇದೆಯಲ್ಲ ಅಂತ ಮೂಗಿನ ಕೆಲಸವನ್ನೂ ಅದಕ್ಕೇ ಒಪ್ಪಿಸಿದ್ದರು. ಮಿಕ್ಸಿ ನಿಲ್ಲಿಸಿ ಟೈಮರ್ ನೋಡಿದರೆ ಪರದೆಯ ಮೇಲೆ 25:00 ಅಂತ ಇದೆ. ಅಂಕಿ ಓಡುತ್ತಿಲ್ಲ. ಅಯ್ಯೋ, ಗುಂಡಿ ಒತ್ತೋದು ಮರೆತೆನೇನೋ ಅಂದುಕೊಂಡು ಮತ್ತೊಮ್ಮೆ ಒತ್ತಿದರು. ಅಲ್ಲಿಂದ ಇನ್ನೊಂದು 25 ನಿಮಿಷ. ಅಷ್ಟರಲ್ಲಿ ಬಾಗಿಲಿಗೆ ಪಕ್ಕದ ಮನೆಯ ಕಾಕು ಬಂದರು, ಮಾತು ಬೆಳೆಯಿತು.

ಹೊತ್ತಿದ ವಾಸನೆ ನನಗೆ ಮಾಳಿಗೆ ಮೇಲೆಯೇ ಬಂತು. ಇಳಿದು ಬರುವಷ್ಟರಲ್ಲಿ ನೀರೆಲ್ಲ ಇಂಗಿ, ಮೇಲಿನದು ಮುದ್ದೆ, ತಳದ್ದು ಇದ್ದಿಲು. ಹೂರಣವೂ ಹೋಯಿತು, ಕಟ್ಟೂ ಹೋಯಿತು. ಅತ್ತೆ ಪಾಪ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಇಪ್ಪತ್ತೈದು ಅಂತನ ತೋರಸಾಕತ್ತಿತ್ತವ್ವಾ. ನಾ ಗುಂಡಿ ಒತ್ತೇ ಇಲ್ಲೇನೋ ಅನಕೊಂಡೆ. ನನಗ ಅರುವು ಮರುವು ಆಗಾಕತ್ತೈತೇನು?" ಅಂದರು. ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಬೇಳೆ ಹೋದರೆ ಹೋಗಲಿ, ಐವತ್ತು ವರ್ಷ ಅಡುಗೆ ಮಾಡಿದವರು ತಮ್ಮ ತಲೆಯ ಮೇಲೇ ಅನುಮಾನ ಪಡುವ ಹಾಗಾಯಿತಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಟೈಮರ್ ಹಿಡಿದು ಕೂತೆ. ಎರಡು ನಿಮಿಷ ಇಟ್ಟೆ. ಸೊನ್ನೆಗೆ ಬಂದಾಗ ಚೀಂ ಚೀಂ ಅಂತ ಶುರುವಾಯಿತು. ಸರಿಯಾಗಿ ಒಂದು ನಿಮಿಷ ಕೂಗಿ ತಾನೇ ಸುಮ್ಮನಾಯಿತು. ಸುಮ್ಮನಾದ ಮೇಲೆ ಪರದೆಯಲ್ಲಿ 00:00 ಉಳಿಯಬೇಕಲ್ವಾ? ಇಲ್ಲ. ಮತ್ತೆ 02:00! ಅಂದರೆ ಕೆಲಸ ಮುಗಿಸಿದ ಟೈಮರ್‌ಗೂ ಇನ್ನೂ ಶುರುವೇ ಆಗದ ಟೈಮರ್‌ಗೂ ನೋಡುವವರಿಗೆ ಏನೇನೂ ವ್ಯತ್ಯಾಸವಿಲ್ಲ. ಇದಕ್ಕೆ ಮೆಮೊರಿ ಅನ್ನುತ್ತಾರೆ. ದಿನಾ ಅದೇ ಹೊತ್ತು ಇಡುವವರಿಗೆ ಮತ್ತೆ ಮತ್ತೆ ಗುಂಡಿ ಒತ್ತುವ ಕಷ್ಟ ತಪ್ಪಲಿ ಅಂತ ಮಾಡಿದ ಸೌಲಭ್ಯ. ಡಬ್ಬಿಯ ಮೇಲೆ ಅದನ್ನು ದೊಡ್ಡದಾಗಿ ಹೊಗಳಿಕೊಂಡಿದ್ದರು. ಒಂದು ನಿಮಿಷಕ್ಕೆ ಸದ್ದು ನಿಲ್ಲುವ ವಿಷಯ ಮಾತ್ರ ಒಳಗಿನ ಚೀಟಿಯಲ್ಲಿ, ಇರುವೆ ಕಾಲಿನಂಥ ಅಕ್ಷರದಲ್ಲಿತ್ತು.

ಮಿಕ್ಸಿ ತಿರುಗಿದ ಆ ಒಂದೆರಡು ನಿಮಿಷದಲ್ಲೇ ಅದು ಕೂಗಿ ಮುಗಿಸಿತ್ತು. ಅತ್ತೆಯ ತಪ್ಪು ಏನೂ ಇರಲಿಲ್ಲ.

ಒಂದು ಮಾತು ಹೇಳಲೇಬೇಕು, ಟೈಮರ್‌ನ ಎಣಿಕೆಯಲ್ಲಿ ಮೋಸ ಇರಲಿಲ್ಲ. ಫೋನಿನ ಪಕ್ಕ ಇಟ್ಟು ಒಂದು ಗಂಟೆ ನೋಡಿದೆ, ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ. ಕೈಗಡಿಯಾರದಲ್ಲಿ ಇರುವಂಥದ್ದೇ ಕ್ವಾರ್ಟ್ಜ್ ಹರಳು ಇಂಥವುಗಳಲ್ಲೂ ಇರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು. ಅಗ್ಗದ್ದಾದರೂ ಅಡುಗೆಗೆ ಬೇಕಾದಷ್ಟು ಲೆಕ್ಕ ಇಡುತ್ತದೆ. ನಾವು ಕೊಳ್ಳುವಾಗ ಟೈಮ್ ಸರಿ ತೋರಿಸುತ್ತದಾ ಅಂತಲೇ ಕೇಳುತ್ತೇವೆ. ಇದು ಸರಿಯಾಗಿಯೇ ಎಣಿಸಿತು, ಆದರೆ ಎಣಿಸಿದ್ದನ್ನು ಹೇಳೋಕೆ ಬರಲಿಲ್ಲ. ಆಯಿತು ಅಂತ ಹೇಳೋಕೆ ಬಾರದ ಟೈಮರ್ ಯಾಕೆ ಬೇಕು ಹೇಳಿ.

ಮರುದಿನ ಇನ್ನೊಂದು ಸಂಗತಿ ಗೊತ್ತಾಯಿತು. ಮಗ ತಾನಾಗಿ ಬಾಯಿಬಿಟ್ಟ, "ಮಮ್ಮಿ, ನಿನ್ನೆ ಅದು ಹೊಡಿಯೂದು ನನಗ ಮಾಳಿಗಿ ಮ್ಯಾಲೆ ಕೇಳಿಸಿತ್ತು. ಆಯಿ ಅಲ್ಲೇ ಇದ್ದಾಳಲ್ಲ ಅಂತ ಸುಮ್ನಾದೆ." ಬೆಳಕಿಂಡಿಯಿಂದ ಹಲಗೆ ಸದ್ದಿನ ನಡುವೆಯೂ ಹನ್ನೆರಡು ವರ್ಷದವನಿಗೆ ಕೇಳಿದ್ದು, ಕೆಳಗೆ ಒಲೆ ಮುಂದೆ ಇದ್ದವರಿಗೆ ಕೇಳಲಿಲ್ಲ. ಮಿಕ್ಸಿ ಒಂದೇ ಕಾರಣ ಅಲ್ಲ ಅನಿಸಿತು. ಅತ್ತೆಗೆ ಹೇಳದೆ, ಅವರು ರೊಟ್ಟಿ ಬಡಿಯುವಾಗ ಮಿಕ್ಸಿ ಇಲ್ಲದೆಯೇ ಟೈಮರ್ ಹೊಡೆಸಿದೆ. ಮೂರು ಮೊಳ ದೂರ. ಅವರು ತಲೆ ಎತ್ತಲೇ ಇಲ್ಲ, ರೊಟ್ಟಿ ತಟ್ಟುತ್ತಲೇ ಇದ್ದರು. ಅದೇ ಹೊರಗೆ ಹಾಲಿನವನು "ಅವ್ವಾರ" ಅಂದದ್ದು ತಟ್ಟನೆ ಕೇಳಿಸಿತು.

ಇದರ ಮರ್ಮ ಇಷ್ಟೇ. ವಯಸ್ಸಾದಂತೆ ಕಿವಿಗೆ ಮೊದಲು ಕಡಿಮೆಯಾಗುವುದು ಕೀರಲು ಸ್ವರ. ಮಾತು ಕೇಳಿಸುತ್ತದೆ, ಹಲಗೆ ಕೇಳಿಸುತ್ತದೆ, ಸೂಜಿಯಂಥ ಸದ್ದು ಜಾರಿಹೋಗುತ್ತದೆ. ಈ ಪುಟ್ಟ ಟೈಮರ್‌ಗಳೊಳಗೆ ಸ್ಪೀಕರ್ ಇರುವುದಿಲ್ಲ, ಒಂದು ತೆಳು ಬಿಲ್ಲೆ ನಡುಗಿ ಸದ್ದು ಮಾಡುತ್ತದೆ. ಅದರ ಸದ್ದು ಸ್ವಭಾವದಲ್ಲೇ ಕೀರಲು. "ಜೋರು ಅಲಾರಂ" ಅನ್ನೋದು ಸುಳ್ಳಲ್ಲ, ನನಗೆ ತಲೆ ಚಿಟ್ಟು ಹಿಡಿಯುವಷ್ಟು ಜೋರಿತ್ತು. ಯಾರ ಕಿವಿಗೆ ಜೋರು ಅನ್ನೋದನ್ನು ನಾನು ಕೇಳಿರಲಿಲ್ಲ.

ಇಷ್ಟಕ್ಕೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬೇಳೆ ಹೋಯಿತು ಅಂತ ಬಿಡುತ್ತಿದ್ದೆ. ಇನ್ನೊಂದಿದೆ.

ಯುಗಾದಿಗೆ ನಾದಿನಿ ಬಂದಿದ್ದರು, ಜೊತೆಗೆ ಅವರ ಒಂದೂವರೆ ವರ್ಷದ ಕೂಸು. ಮೂಲೆಗೆ ಬಿದ್ದಿದ್ದ ಟೈಮರ್ ಅದಕ್ಕೆ ಆಟಿಕೆಯಾಯಿತು. ಗುಂಡಿ ಒತ್ತಿದರೆ ಸದ್ದು ಬರುತ್ತದೆ, ಮಕ್ಕಳಿಗೆ ಇನ್ನೇನು ಬೇಕು. ನಾವೂ ಸುಮ್ಮನಿದ್ದೆವು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನಾದಿನಿ ತಿರುಗಿ ನೋಡಿದರೆ ಟೈಮರ್‌ನ ಹಿಂದಿನ ಮುಚ್ಚಳ ನೆಲದ ಮೇಲಿದೆ, ಕೂಸಿನ ಮುಷ್ಟಿ ಬಿಗಿಯಾಗಿದೆ. ಬಿಡಿಸಿದರೆ ಒಳಗೆ ಅಂಗಿ ಗುಂಡಿಯಷ್ಟು ದೊಡ್ಡ ಸೆಲ್, ಜೊಲ್ಲಿನಿಂದ ಒದ್ದೆಯಾಗಿದೆ. ಬಾಯಿಗೆ ಹಾಕಿ ತೆಗೆದಿತ್ತು. ಆ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರು ತಾಗಿದರೆ ತೆರೆಯುತ್ತಿತ್ತು.

ನುಂಗಿರಲಿಲ್ಲ, ಬದುಕಿದೆವು. ಆದರೆ ಇದನ್ನು ನಾಣ್ಯ ನುಂಗಿದ ಹಾಗೆ ಅಂದುಕೊಳ್ಳಬೇಡಿ. ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಪಸೆಗೆ ಕರೆಂಟ್ ಹರಿದು ಕ್ಷಾರ ಹುಟ್ಟುತ್ತದೆ. ಎರಡು ತಾಸಿನೊಳಗೆ ಒಳಗೆ ಸುಟ್ಟ ಗಾಯ ಆಗಬಹುದು. ಟೈಮರ್ ಓಡಿಸಲು ಶಕ್ತಿ ಸಾಲದ ಹಳೇ ಸೆಲ್ಲೂ ಇದಕ್ಕೆ ಸಾಕು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಲಿಥಿಯಂ ಸೆಲ್ ಇನ್ನೂ ಅಪಾಯ, ಅದು ಚಿಕ್ಕ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ಮಗು ನುಂಗಿದೆ ಅಂತ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ, ಮಲದಲ್ಲಿ ಬರುತ್ತದೆ ಅಂತ ಕಾಯಲೂ ಬೇಡಿ. ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಬಟನ್ ಸೆಲ್" ಅಂತ ಹೇಳಿ. ಎಕ್ಸ್‌ರೇಯಲ್ಲಿ ಅದು ನಾಣ್ಯದ ಹಾಗೆ ಕಾಣಬಹುದು, ಹಾಗಾಗಿ ಹೇಳುವುದು ಮುಖ್ಯ.

ಅವತ್ತು ರಾತ್ರಿ ಮಾರಿದವರಿಗೆ ಬರೆದೆ. ವಾಪಸ್ ಕೊಡುವ ಏಳು ದಿನ ಮುಗಿದಿವೆ, ಮುಚ್ಚಳ ಕಳಚಿದ್ದು ಬಳಕೆಯ ದೋಷ ಅಂತ ಉತ್ತರ ಬಂತು. ಡಬ್ಬಿ ತಿರುಗಿಸಿ ನೋಡಿದೆ. ತಯಾರಿಸಿದವರ ಹೆಸರಿಲ್ಲ, ಆಮದು ಮಾಡಿದವರ ವಿಳಾಸವಿಲ್ಲ, ಯಾವ ದೇಶದ್ದು ಅಂತ ಇಲ್ಲ, ಎಂಆರ್‌ಪಿಯೂ ಇಲ್ಲ. ಪ್ಯಾಕ್ ಮಾಡಿದ ಸರಕಿನ ಮೇಲೆ ಇವೆಲ್ಲ ಇರಲೇಬೇಕು ಅಂತ 2011ರ ನಿಯಮವೇ ಇದೆ. ಇಂಥದ್ದಕ್ಕೆ ಗ್ರಾಹಕರ ಸಹಾಯವಾಣಿ 1915 ಇದೆ. ಇನ್ನೂರು ರೂಪಾಯಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನಾನು ಎರಡು ತಿಂಗಳು ತಡ ಮಾಡಿದೆ. ನೀವು ಡಬ್ಬಿ ಬಂದ ದಿನವೇ ಅದರ ಮೈ ಓದಿ, ಡಬ್ಬಿ ಎಸೆಯಬೇಡಿ.

ಹೊಸ ಟೈಮರ್ ತರುವಾಗ ಅತ್ತೆಯನ್ನೇ ಕರೆದುಕೊಂಡು ಭಾಂಡೆ ಅಂಗಡಿಗೆ ಹೋದೆ. ಅವರಿಗೆ ಮನಸ್ಸಿರಲಿಲ್ಲ. "ಮತ್ತ ಅದನ್ಯಾಕ ತರ್ತಿ, ನನ್ನ ಮೂಗು ಸಾಯಲಿಲ್ಲ ಇನ್ನಾ" ಅಂದರು. ಅಂಗಡಿಯವರು ನಾಲ್ಕು ನಮೂನೆ ತೆಗೆದಿಟ್ಟರು. ನಾಲ್ಕಕ್ಕೂ ಒಂದು ನಿಮಿಷ ಇಟ್ಟು ಅತ್ತೆಯನ್ನು ಬಾಗಿಲ ಹತ್ತಿರ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದೆ. ಹೊರಗೆ ಟಂಟಂಗಳ ಗದ್ದಲ. ಎರಡು ಅವರಿಗೆ ಕೇಳಲೇ ಇಲ್ಲ. ಚಾವಿ ತಿರುಗಿಸುವ ಹಳೇ ನಮೂನೆಯದು ಟ್ರಿಣ್ ಅಂದದ್ದು ಚೆನ್ನಾಗಿ ಕೇಳಿತು, ಆದರೆ ಎರಡು ಕ್ಷಣಕ್ಕೆ ಮುಗಿಯಿತು. ಅದರಲ್ಲಿ ಮೂರು ನಿಮಿಷ ಐದು ನಿಮಿಷದಂಥ ಸಣ್ಣ ಹೊತ್ತು ಸರಿಯಾಗಿ ಇಡೋಕೂ ಆಗಲ್ಲ. ನಾಲ್ಕನೆಯದರ ಸ್ವರ ಸ್ವಲ್ಪ ದಪ್ಪ, ಸದ್ದು ಏರಿಸಿ ಇಳಿಸುವ ಗುಂಡಿ ಬೇರೆ. ಅತ್ತೆ ತಿರುಗಿ "ಹಾಂ, ಇದು ಹೊಡೀತು" ಅಂದರು.

ಅದನ್ನೇ ಕೊಳ್ಳುವ ಮುಂಚೆ ಇನ್ನೊಂದು ಕೆಲಸ ಮಾಡಿದೆ, ಕೂಗಲು ಬಿಟ್ಟು ಸುಮ್ನೆ ಕಾದೆ. ಅಂಗಡಿಯವರು ಮುಖ ನೋಡಿದರು, ನಾನು ಒತ್ತಲಿಲ್ಲ. ಇದರಲ್ಲಿ ಸೊನ್ನೆಯಾದ ಮೇಲೆ ಅಂಕಿ ಮಿನುಗುತ್ತ ಮೇಲಕ್ಕೆ ಎಣಿಸುತ್ತದೆ, ಮುಗಿದು ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ಸದ್ದು ತಪ್ಪಿದರೂ ಕಣ್ಣಿಗೆ ಗೊತ್ತಾಗುತ್ತದೆ. ಸೆಲ್ಲು ಟಿವಿ ರಿಮೋಟಿಗೆ ಹಾಕುವಂಥದ್ದು, ಮುಚ್ಚಳಕ್ಕೆ ಸ್ಕ್ರೂ ಇದೆ. 450 ರೂಪಾಯಿ. ಜಾಸ್ತಿ ಅನಿಸಿತು, ಆದರೆ ಒಂದು ಕಿಲೋ ಬೇಳೆ, ಬೆಲ್ಲ, ಗ್ಯಾಸು, ಬೋಗಾಣಿ ಅಂತ ಲೆಕ್ಕ ಹಾಕಿದ ಮೇಲೆ ಚೌಕಾಸಿ ಮಾಡಲಿಲ್ಲ.

ಇದಕ್ಕೂ ಒಲೆ ಆರಿಸೋಕೆ ಬರಲ್ಲ, ಅದು ನೆನಪಿರಲಿ. ಕುಕ್ಕರಿಗೂ ಒಲೆ ಹಚ್ಚಿದ ಕೂಡಲೇ ಒತ್ತಬೇಡಿ. ಮೊದಲ ಸೀಟಿ ಬಂದು ಉರಿ ಸಣ್ಣ ಮಾಡಿದ ಮೇಲೆ ಒತ್ತಿ. ಇಲ್ಲದಿದ್ದರೆ ನೀರು ಎಷ್ಟು, ಉರಿ ಎಷ್ಟು ಅನ್ನುವುದರ ಮೇಲೆ ದಿನಕ್ಕೊಂದು ಲೆಕ್ಕ ಆಗುತ್ತದೆ.

ಯಾವ ಕಂಪನಿ ಅಂತ ಎಲ್ಲರೂ ಕೇಳುತ್ತಾರೆ. ಹೆಸರು ಹೇಳಿ ಉಪಯೋಗವಿಲ್ಲ, ಅದೇ ಟೈಮರ್ ಬಣ್ಣ ಬದಲಿಸಿ ಹತ್ತು ಹೆಸರಿನಲ್ಲಿ ಸಿಗುತ್ತಿದೆ. ಹಿಂಭಾಗದ ಚಿತ್ರ ಇಲ್ಲದೆ ಮುಂಭಾಗವನ್ನಷ್ಟೇ ನಾಲ್ಕು ಕೋನದಿಂದ ತೋರಿಸಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ನಮ್ಮಲ್ಲಿ ಉಳಿದ ಹಳೆಯದರ ಸೆಲ್ ತೆಗೆದು, ಎರಡೂ ಕಡೆ ಟೇಪ್ ಸುತ್ತಿ, ಕೂಸಿನ ಕೈಗೆ ಸಿಗದ ಹಾಗೆ ಮೇಲಿನ ಗೂಡಿನಲ್ಲಿಟ್ಟಿದ್ದೇನೆ. ಬೋಗಾಣಿಯನ್ನು ಬೂದಿ, ಹುಣಸೆಹುಳಿ ಹಾಕಿ ಮೂರು ದಿನ ತಿಕ್ಕಿದೆವು. ತಳದಲ್ಲಿ ಅಂಗೈಯಷ್ಟು ಕಪ್ಪು ಇನ್ನೂ ಹೋಗಿಲ್ಲ. ಅತ್ತೆ ಈಗ ಅದರಲ್ಲಿ ಸ್ನಾನದ ನೀರು ಕಾಯಿಸುತ್ತಾರೆ.