ರಸ್ತೆಯ ಲೆಕ್ಕ ಇಡುವ ಆ್ಯಪ್: ಎಂಟು ತಿಂಗಳ ಬಳಕೆಯ ನಂತರ

ನಾನು ರಸ್ತೆ ನಿರ್ವಹಣೆಯ ಕೆಲಸದಲ್ಲಿದ್ದೇನೆ. ನನ್ನ ಪಾಲಿಗೆ 42 ಕಿಲೋಮೀಟರ್ ಬರುತ್ತದೆ. ಅದರ ಮೋರಿ, ಫಲಕ, ದೀಪದ ಕಂಬ, ಕ್ರ್ಯಾಶ್ ಬ್ಯಾರಿಯರ್ (ವಾಹನ ರಸ್ತೆ ಬಿಟ್ಟು ಹೋಗದಂತೆ ಅಂಚಿನಲ್ಲಿ ಹಾಕುವ ತಗಡಿನ ತಡೆ) ಎಲ್ಲದರ ಪಟ್ಟಿ ಮೊದಲು ರಿಜಿಸ್ಟರ್‌ನಲ್ಲಿತ್ತು, ಆಮೇಲೆ ಎಕ್ಸೆಲ್‌ಗೆ ಬಂತು. ಎಂಟು ತಿಂಗಳಿಂದ ಈ ಆ್ಯಪ್‌ನಲ್ಲಿದೆ.

ನನಗೆ ಜಾಸ್ತಿ ಇಷ್ಟವಾಗಿದ್ದು, ಪ್ರತಿ ವಸ್ತುವಿಗೂ ಅದರದ್ದೇ ನಂಬರು, ಅದರದ್ದೇ ಹಳೆಯ ಕಥೆ ಇರುವುದು. ಒಂದು ಮೋರಿಯ ಪುಟ ತೆರೆದೆ. ಮೂರು ಸಲ ಹೂಳು ತೆಗೆದ ದಾಖಲೆ ಸಾಲಾಗಿ ಕಂಡಿತು. ಅದರ ಪಕ್ಕದಲ್ಲೇ ಡಾಂಬರಿನ ಗುಂಡಿಯನ್ನೂ ಮೂರು ಸಲ ಮುಚ್ಚಿದ್ದೆವು. ಎರಡಕ್ಕೂ ಕಾರಣ ಒಂದೇ. ನೀರು ಹರಿದುಹೋಗದೆ ರಸ್ತೆಯ ತಳಕ್ಕೆ ಇಳಿಯುತ್ತಿತ್ತು. ಚರಂಡಿಯ ಇಳಿಜಾರು ಸರಿ ಮಾಡಿಸಿದೆ. ಆ ಗುಂಡಿ ಮತ್ತೆ ಬಿದ್ದಿಲ್ಲ.

ರಾತ್ರಿ ತಪಾಸಣೆಗೆ ಬೇರೆ ಫಾರಂ ಕೊಟ್ಟಿದ್ದಾರೆ, ಇದು ತುಂಬಾ ಒಳ್ಳೆಯ ಕೆಲಸ. ಫಲಕದ ಹಾಳೆಯಲ್ಲಿರುವ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಹೆಡ್‌ಲೈಟಿನ ಬೆಳಕನ್ನು ಚಾಲಕನ ಕಡೆಗೇ ವಾಪಸ್ ಕಳಿಸುತ್ತವೆ. ಬಿಸಿಲಿಗೆ ಆ ಶಕ್ತಿ ಕುಗ್ಗುತ್ತದೆ. ಹಗಲಲ್ಲಿ ಹೊಸದರಂತೆ ಕಂಡ ತಿರುವಿನ ಫಲಕವೊಂದು, ರಾತ್ರಿ ಜೀಪಿನ ದೀಪ ಬಿದ್ದರೂ ಬರೀ ಕಪ್ಪು ಹಲಗೆಯಾಗಿ ನಿಂತಿತ್ತು. ಅಷ್ಟು ದಿನ ನಾನು ಅದಕ್ಕೆ 'ಉತ್ತಮ' ಅಂತ ಬರೆದಿದ್ದೆ.

ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗಿ ಎಡಬದಿಯ ಫಲಕ ಬಲಬದಿಗೆ ಹಾರುವುದುಂಟು. ಚೈನೇಜ್ (ರಸ್ತೆ ಶುರುವಾದಲ್ಲಿಂದ ಇರುವ ದೂರ) ಜೊತೆಗೆ ಬದಿಯನ್ನೂ ನೀವೇ ತುಂಬಿ.

ದೊಡ್ಡ ದೋಷ ಬೇರೆ ಇದೆ. ಆ್ಯಪ್ ಒಂದೊಂದು ಕಿಲೋಮೀಟರಿನಲ್ಲಿರುವ ವಸ್ತುಗಳ ಸ್ಥಿತಿಯ ಎಲ್ಲ ಅಂಕಗಳನ್ನೂ ಸೇರಿಸಿ ಸರಾಸರಿ ತೆಗೆದು ನಕ್ಷೆಯಲ್ಲಿ ಬಣ್ಣ ಹಾಕುತ್ತದೆ. 17ನೇ ಕಿಲೋಮೀಟರ್ ನೂರಕ್ಕೆ 84, ಪೂರ್ತಿ ಹಸಿರು. ಡಾಂಬರು ನಿಜಕ್ಕೂ ಚೆನ್ನಾಗಿದೆ. ಆದರೆ ಅಲ್ಲೇ ತಿರುವಿನಲ್ಲಿ ಬ್ಯಾರಿಯರ್ ಶುರುವಾಗುವ ತುದಿಯಲ್ಲಿ ನಾಲ್ಕು ಬೋಲ್ಟ್ ಇರಲಿಲ್ಲ. ರಂಧ್ರಗಳ ಸುತ್ತ ತುಕ್ಕು, ತಗಡು ಕೈಯಲ್ಲಿ ತಳ್ಳಿದರೆ ಅಲುಗಾಡುತ್ತಿತ್ತು. ವಾಹನ ಗುದ್ದಿದರೆ ತಡೆಯಬೇಕಾದ ತಗಡೇ ಒಳಗೆ ನುಗ್ಗಬಹುದು. ಡಾಂಬರು ನುಣುಪಾಗಿದ್ದರೆ ವೇಗವೂ ಜಾಸ್ತಿ, ಅಲ್ವಾ? ಬೋಲ್ಟ್ ಇಲ್ಲ ಅಂತ ನಮ್ಮ ಹುಡುಗ ಫೋಟೋ ಸಮೇತ ತುಂಬಿದ್ದ. ಆದರೂ ನಕ್ಷೆ ಹಸಿರಾಗೇ ಉಳಿಯಿತು. ಹನ್ನೊಂದು ದಿನ ಯಾರೂ ಅದನ್ನು ತೆರೆದು ನೋಡಲಿಲ್ಲ, ನಾನೂ ನೋಡಲಿಲ್ಲ.

ಆ್ಯಪ್ ಮಾಡಿದವರಿಗೆ ಬರೆದಿದ್ದೇನೆ: ಜೀವಕ್ಕೆ ಅಪಾಯವಿರುವ ದೋಷ ಒಂದೇ ಇದ್ದರೂ ಆ ಕಿಲೋಮೀಟರ್ ಕೆಂಪಾಗಬೇಕು. ಅದಾಗುವವರೆಗೆ ಐದಕ್ಕೆ ಮೂರೇ ಸ್ಟಾರ್. ಕೊಳ್ಳುವವರು ಕೊಳ್ಳಿ, ಮೋರಿಯೊಂದಕ್ಕೇ ಇದು ಸಾರ್ಥಕ. ಆದರೆ ಪ್ರತಿದಿನ ಬೆಳಗ್ಗೆ ನಕ್ಷೆಗಿಂತ ಮೊದಲು 'ತುರ್ತು' ಅಂತ ಗುರುತು ಹಾಕಿದ ಪಟ್ಟಿಯನ್ನು ತೆರೆಯಿರಿ. ಅದು ಮೆನುವಿನಲ್ಲಿ ಕೆಳಗಡೆ, ಸೆಟ್ಟಿಂಗ್ಸ್ ಮೇಲೆ ಇದೆ.